ಎಲೆ ಉದುರಿತು, ಹೋಲಿಕೆ ಬರಲಿಲ್ಲ: ಮಣ್ಣಿನ ಮುಖಕ್ಕೆ ಗಿಡ ಕೂಡಿಸುವುದು ಹೇಗೆ?

ಪ್ರಶ್ನೆ: ನಾಲ್ಕು ವಾರದ ಒಂದು ಆನ್‌ಲೈನ್ ಕಲಾ ಕಾರ್ಯಾಗಾರಕ್ಕೆ ಸೇರಿದ್ದೇನೆ. ಯಾವುದಾದರೂ ಒಂದು ಗಿಡವನ್ನು ಮನಸ್ಸಿನಲ್ಲಿಟ್ಟುಕೊಂಡು ಜೇಡಿಮಣ್ಣಿನಲ್ಲಿ ನಮ್ಮದೇ ಮುಖ ಮಾಡಬೇಕು. ನಾನು ಮಣ್ಣು ಮುಟ್ಟಿದ್ದು ಇದೇ ಮೊದಲು. ಮೊದಲ ವಾರ ಮುಖ ಮಾಡಿ, ತಲೆಯ ತುಂಬ ಹದಿನೈದು ಎಲೆ ಅಂಟಿಸಿದೆ. ಮನೆಯವರು ನೋಡಿ ‘ಹೂಕುಂಡ ಚೆನ್ನಾಗಿದೆ’ ಅಂದರು! ಮೂರನೇ ದಿನ ಎಲೆಗಳು ಒಂದೊಂದಾಗಿ ಉದುರಿದವು. ಕತ್ತಿನ ಹತ್ತಿರ ಬಿರುಕು ಬಿಟ್ಟಿದೆ. ನನ್ನ ಹೋಲಿಕೆಯಂತೂ ಇಲ್ಲವೇ ಇಲ್ಲ. ಕಲಿಸುವವರು ಪರದೆಯ ಆ ಕಡೆ ಇರುವುದರಿಂದ ಮುಟ್ಟಿ ತೋರಿಸಲು ಆಗುತ್ತಿಲ್ಲ. ಎಲ್ಲಿ ತಪ್ಪಿದೆ? ಯಾವ ಗಿಡ ಆರಿಸಿಕೊಳ್ಳಲಿ? ಮಣ್ಣು ಸುಡುವ ಗೂಡು ನನ್ನ ಹತ್ತಿರ ಇಲ್ಲ, ಏನು ಮಾಡಲಿ? ಹಾಳಾದ ಈ ತಲೆಯನ್ನು ಎಸೆದುಬಿಡಲಾ? (ನಾಲ್ಕು ಫೋಟೋ ಜೊತೆಗಿಟ್ಟಿದ್ದೇನೆ.)

ಉತ್ತರ: ಎಸೆಯಬೇಡಿ. ಅದರ ವಿಷಯಕ್ಕೆ ಕೊನೆಯಲ್ಲಿ ಬರುತ್ತೇನೆ.

ನಿಮ್ಮ ಫೋಟೋಗಳನ್ನು ದೊಡ್ಡದು ಮಾಡಿ ನೋಡಿದೆ. ಮುಖ ಅಷ್ಟೇನೂ ಕೆಟ್ಟದಾಗಿಲ್ಲ. ಎಲೆಗಳನ್ನು ಬೇರೆಯಾಗಿ ನೋಡಿದರೆ ಅವೂ ಚೆನ್ನಾಗಿವೆ. ತೊಂದರೆ ಇರುವುದು ಎರಡೂ ಸೇರುವ ಜಾಗದಲ್ಲಿ. ಉದುರಿದ ಎಲೆಯ ಬುಡ ನೋಡಿ, ಬ್ಲೇಡಿನಲ್ಲಿ ಕತ್ತರಿಸಿದ ಹಾಗೆ ನುಣ್ಣಗಿದೆ. ತಲೆಯ ಮೇಲೆ ಅದು ಕೂತಿದ್ದ ಜಾಗವೂ ನುಣ್ಣಗಿದೆ. ಎರಡು ನುಣುಪು ಮಣ್ಣನ್ನು ಸುಮ್ನೆ ಒತ್ತಿ ಇಟ್ಟಿದ್ದೀರಿ. ತೇವ ಇದ್ದಷ್ಟು ಹೊತ್ತು ಹಿಡಿದುಕೊಂಡಿತ್ತು, ತೇವ ಆರಿತು, ಬಿತ್ತು. ಕಣ್ಣಿಗೂ ಅದು ತಂದು ಇಟ್ಟ ಹಾಗೆಯೇ ಕಾಣುತ್ತಿತ್ತು. ಮನೆಯವರು ಹೂಕುಂಡ ಅಂದದ್ದು ಅದಕ್ಕೇ. ಹಾಗಾಗಿ ಎಲೆ ನಿಲ್ಲಲಿಲ್ಲ ಅನ್ನುವುದೂ, ಗಿಡ ನನ್ನದಾಗಲಿಲ್ಲ ಅನ್ನುವುದೂ ಒಂದೇ ದೂರು. ಕೂಡುವ ಜಾಗ ಸರಿಹೋದರೆ ಎರಡೂ ಸರಿಹೋಗುತ್ತವೆ.

ಒಂದು ಕೆಲಸ ಮಾಡಿ. ಈಗಲೇ ಎದ್ದು ಹೋಗಿ ಹತ್ತಿರದ ಯಾವುದಾದರೂ ಗಿಡದ ಒಂದು ಎಲೆಯನ್ನು, ಕೀಳದೆ, ಬುಡದಲ್ಲಿ ನೋಡಿ. ದಂಟು ಅಲ್ಲಿ ತುಸು ಊದಿರುತ್ತದೆ. ಅದೇ ಗಿಣ್ಣು. ತೊಟ್ಟು ದಂಟಿಗೆ ಸೇರುವ ಕಡೆ ಸಾಮಾನ್ಯವಾಗಿ ಸ್ವಲ್ಪ ದಪ್ಪಗಾಗುತ್ತದೆ. ಇವೆರಡರ ನಡುವಿನ ಸಂದು ನಮ್ಮ ಕಂಕುಳಿನ ಹಾಗಿರುತ್ತದೆ, ಅಲ್ಲೇ ಒಂದು ಪುಟಾಣಿ ಮೊಗ್ಗು ಅವಿತಿರುತ್ತದೆ. ಗಿಡದಲ್ಲಿ ಯಾವ ಎಲೆಯೂ ದಂಟಿಗೆ ಅಂಟಿಕೊಂಡಿರುವುದಿಲ್ಲ, ದಂಟಿನೊಳಗಿಂದಲೇ ಬಂದಿರುತ್ತದೆ. ಈ ಜಾಗವನ್ನು ಪೆನ್ಸಿಲ್ಲಿನಲ್ಲಿ ಐದು ಸಲ ಬರೆಯಿರಿ. ಇಡೀ ಗಿಡ ಬರೆಯುವುದು ಬೇಡ, ಗಿಣ್ಣು ಮಾತ್ರ ಸಾಕು. ಎರಡನೇ ವಾರಕ್ಕೆ ಇದಕ್ಕಿಂತ ಒಳ್ಳೆಯ ತಯಾರಿ ನನಗೆ ಗೊತ್ತಿಲ್ಲ.

ಯುರೋಪಿನ ಮಧ್ಯಯುಗದ ಚರ್ಚುಗಳಲ್ಲಿ ಕಲ್ಲಿನಲ್ಲಿ ಕೆತ್ತಿದ ಎಲೆ ಮುಖಗಳಿವೆ. ‘ಗ್ರೀನ್ ಮ್ಯಾನ್’ ಅನ್ನುವ ಹೆಸರು ಅವಕ್ಕೆ ಅಂಟಿಕೊಂಡದ್ದು 1939ರ ಒಂದು ಲೇಖನದಿಂದ, ಮುಖಗಳು ಮಾತ್ರ ಅದಕ್ಕಿಂತ ಶತಮಾನಗಳಷ್ಟು ಹಳೆಯವು. ಅವುಗಳ ಫೋಟೋ ಹುಡುಕಿ, ಎಲೆ ಎಲ್ಲಿಂದ ಹೊರಡುತ್ತದೆ ಅಂತ ಮಾತ್ರ ನೋಡಿ. ಬಾಯಿಯ ಮೂಲೆ, ಮೂಗಿನ ಹೊಳ್ಳೆ, ಹುಬ್ಬಿನ ತುದಿ. ಎಲ್ಲವೂ ಮುಖದಲ್ಲಿ ಮೊದಲೇ ಇರುವ ಸಂದು, ಮಡಿಕೆ, ತೂತು. ಕೆಲವು ಮುಖಗಳಲ್ಲಿ ಕೆನ್ನೆ ಎಲ್ಲಿ ಮುಗಿಯಿತು, ಎಲೆ ಎಲ್ಲಿ ಶುರುವಾಯಿತು ಅಂತ ಗೆರೆ ಎಳೆಯಲು ಆಗುವುದಿಲ್ಲ. ನಿಮ್ಮ ಎಲೆಗಳು ನೆತ್ತಿಯ ಮೇಲೆ, ಬೋಳು ಜಾಗದಲ್ಲಿ ನಿಂತಿದ್ದವು. ಅಲ್ಲಿಂದ ಅವು ಬೆಳೆದು ಬಂದಿವೆ ಅಂತ ನಂಬಲು ನೋಡುವವರಿಗೆ ಒಂದು ಕಾರಣವೂ ಇರಲಿಲ್ಲ.

ಇನ್ನು ಯಾವ ಗಿಡ ಅನ್ನುವುದು. ಎಲ್ಲರೂ ಮೊದಲು ಗುಲಾಬಿ ಅನ್ನುತ್ತಾರೆ. ನನಗೆ ಗುಲಾಬಿಯ ಮೇಲೆ ದ್ವೇಷವೇನಿಲ್ಲ, ಆದರೆ ಮಣ್ಣಿನ ಗುಲಾಬಿ ಒಂದು ಬಂತು ಅಂದರೆ ಹಿಂದೆ ಮುಖ ಇರುವುದೇ ಮರೆತುಹೋಗುತ್ತದೆ. ಚಂದ ಕಾಣುವ ಗಿಡ ಹುಡುಕುವ ಬದಲು, ನೀವು ಮಾಡುವಂಥದ್ದನ್ನೇ ಮಾಡುವ ಗಿಡ ಹುಡುಕಿ. ಒಂದು ಗಿಡ ಸಾಕು. ಮೂರು ಗಿಡ ಬೆರೆಸಿದರೆ ಮತ್ತೆ ಹೂಕುಂಡವೇ.

ನನ್ನ ಒಂದು ತರಗತಿಯಲ್ಲಿ ತುಂಬ ಸಂಕೋಚದ ಒಬ್ಬರಿದ್ದರು. ಮೂರು ತರಗತಿ ಕ್ಯಾಮೆರಾ ಆನ್ ಮಾಡಿರಲಿಲ್ಲ. ಅವರು ಆರಿಸಿಕೊಂಡದ್ದು ಮುಟ್ಟಿದರೆ ಮುನಿ. ಆ ಗಿಡದ ಎಲೆಯ ಬುಡದಲ್ಲಿ ಒಂದು ಸಣ್ಣ ಗಂಟಿನಂಥ ಉಬ್ಬು ಇದೆ. ಮುಟ್ಟಿದ ಕೂಡಲೇ ಆ ಉಬ್ಬಿನ ಒಂದು ಪಕ್ಕದ ಕೋಶಗಳಿಂದ ನೀರು ಹೊರಗೆ ಹೋಗುತ್ತದೆ, ಆ ಪಕ್ಕ ಸಡಿಲಾಗಿ ತೊಟ್ಟು ಜೋಲುತ್ತದೆ. ಕಿರು ಎಲೆಗಳು ಮಡಚುವುದೂ ಇದೇ ಉಪಾಯದಿಂದ. ಸ್ವಲ್ಪ ಹೊತ್ತು ಬಿಟ್ಟರೆ ಮತ್ತೆ ಏಳುತ್ತದೆ. ಅಷ್ಟು ಸಣ್ಣ ಎಲೆ ಮಣ್ಣಿನಲ್ಲಿ ಬರುವುದಿಲ್ಲ ಅಂತ ನಾನು ಹೇಳಿದೆ. ಅವರು ಎಲೆ ಮಾಡಲೇ ಇಲ್ಲ. ತಲೆಯನ್ನು ಕತ್ತಿನ ಹತ್ತಿರ ಜೋಲಿಸಿದರು, ಗಲ್ಲವನ್ನು ಎದೆಗೆ ಒತ್ತಿದರು, ಎರಡು ರೆಪ್ಪೆಗಳನ್ನು ಮಾತ್ರ ನಡುನರ ಇರುವ ಮಡಚಿದ ಎಲೆಗಳಾಗಿ ಮಾಡಿದರು. ಕತ್ತಿನ ಹಿಂದೆ, ಬೆನ್ನುಮೂಳೆ ಶುರುವಾಗುವ ಕಡೆ, ಆ ಉಬ್ಬು. ಅಷ್ಟೇ. ಪರದೆಯಲ್ಲಿ ನೋಡಿದ ಎಲ್ಲರೂ ಗಿಡದ ಹೆಸರನ್ನೂ ಹೇಳಿದರು, ಅದು ಅವರೇ ಅಂತಲೂ ಹೇಳಿದರು.

ಗಿಡ ಏನು ಮಾಡುತ್ತದೆ ಅನ್ನುವುದರ ಜೊತೆಗೆ ಮಣ್ಣು ಅದನ್ನು ತಾಳುತ್ತದಾ ಅಂತಲೂ ಯೋಚಿಸಬೇಕು. ಜರಿಗಿಡ, ಹುಲ್ಲು, ಬಳ್ಳಿಯ ಕುಡಿ, ಇವೆಲ್ಲ ಗಾಳಿಯಲ್ಲಿ ನಿಂತರೆ ಚಂದ, ಮಣ್ಣಿನಲ್ಲಿ ಒಂದು ಬೆರಳು ತಾಗಿದರೆ ಪುಡಿ. ಬಳ್ಳಿಯೇ ಬೇಕು ಅಂದರೆ ಅದನ್ನು ಮುಖದ ಮೇಲ್ಮೈಗೆ ಒರಗಿಸಿ, ಪೂರ್ತಿ ಉದ್ದ ತಾಗಿಕೊಂಡೇ ಹೋಗಲಿ. ದಪ್ಪ, ರಸ ತುಂಬಿದ ಗಿಡಗಳು ಮಣ್ಣಿಗೆ ಹೇಳಿ ಮಾಡಿಸಿದಂಥವು. ಲೋಳೆಸರ ಒಂದು. ಪಾಪಾಸುಕಳ್ಳಿ ಇನ್ನೊಂದು. ಅದರ ಮುಳ್ಳುಗಳು ಮಾರ್ಪಾಡಾದ ಎಲೆಗಳೇ, ಆದರೆ ಇನ್ನೂರು ಮುಳ್ಳು ಚುಚ್ಚಲು ಹೋಗಬೇಡಿ. ಮುಳ್ಳು ಇರಬೇಕಾದ ಕಡೆ ಸೂಜಿಯ ತೂತು ಸಾಕು, ನೋಡುವವರ ಬೆರಳು ತಾನೇ ಹಿಂದೆ ಸರಿಯುತ್ತದೆ. ಬಾಳೆಯ ಕಾಂಡ ಅಂತ ನಾವು ಕರೆಯುವುದು ನಿಜವಾಗಿ ಕಾಂಡವಲ್ಲ, ಒಂದರ ಮೇಲೊಂದು ಸುತ್ತಿಕೊಂಡ ಎಲೆಗಳ ಬುಡ. ಮಣ್ಣಿನ ಹಾಳೆಗಳನ್ನು ಹಾಗೆಯೇ ಸುತ್ತಿದರೆ ಗಟ್ಟಿಯಾದ, ಒಳಗೆ ಟೊಳ್ಳಾದ ಕತ್ತು ಸಿಗುತ್ತದೆ.

ನಿಮಗೆ ನಾನು ಹೇಳುವುದಾದರೆ ಆಲದ ಮರ. ನಿಮ್ಮ ಫೋಟೋದಲ್ಲಿ ತಲೆ ದೊಡ್ಡದು, ಕತ್ತು ಸಣ್ಣದು. ಬಿರುಕು ಬಿಟ್ಟದ್ದೂ ಅಲ್ಲೇ. ಭಾರ ತಲೆಯನ್ನು ಕತ್ತು ಒಂದೇ ಹೊರುತ್ತಿತ್ತು. ಆಲದ ಕೊಂಬೆಗಳೂ ತುಂಬ ದೂರ ಚಾಚಿ ಭಾರವಾಗುತ್ತವೆ. ಅದಕ್ಕೆ ಮರ ಬಿಳಲು ಇಳಿಸುತ್ತದೆ. ಬಿಳಲು ನೆಲ ಮುಟ್ಟಿ, ಬೇರೂರಿ, ದಪ್ಪವಾಗಿ ಕಂಬವೇ ಆಗುತ್ತದೆ. ನಿಮ್ಮ ಕೂದಲು ಉದ್ದವಿದ್ದರೆ ಐದಾರು ಎಳೆಯನ್ನು ಬಿಳಲಾಗಿ ಭುಜದವರೆಗೆ ಇಳಿಸಿ, ಅಲ್ಲಿ ಬೇರೂರಿಸಿ. ನೋಡಲಿಕ್ಕೂ ಸರಿ, ಕತ್ತಿಗೂ ಊರುಗೋಲು. ಇದು ಸಲಹೆ ಮಾತ್ರ. ಯಾರ ಭಾರಕ್ಕೂ ಬಿಳಲು ಇಳಿಸುವ ಸ್ವಭಾವ ನಿಮ್ಮದಲ್ಲ ಅಂದರೆ ಬಿಟ್ಟು ಬೇರೆ ಹುಡುಕಿ.

ಈಗ ಮಣ್ಣಿಗೆ ಬರೋಣ. ಒಂದು ಗೇಣು ಎತ್ತರಕ್ಕಿಂತ ದೊಡ್ಡದು ಮಾಡಬೇಡಿ. ನಾಲ್ಕು ವಾರದಲ್ಲಿ ಅಷ್ಟು ಮಾತ್ರ ಒಣಗುತ್ತದೆ. ತಲೆ ಒಳಗೆ ಟೊಳ್ಳಾಗಿರಬೇಕು. ಹಳೆಯ ಪತ್ರಿಕೆಯ ಹಾಳೆಗಳನ್ನು ಮುದ್ದೆ ಮಾಡಿ ಮೊಟ್ಟೆಯ ಆಕಾರಕ್ಕೆ ತನ್ನಿ, ಮೇಲೆ ಕಾಗದದ ಟೇಪ್ ಸುತ್ತಿ, ಅದರ ಮೇಲೆ ಒಂದೂಕಾಲು ಸೆಂಟಿಮೀಟರ್ ದಪ್ಪದ ಮಣ್ಣು ಹೊದಿಸಿ. ಗಾಜಿನ ಬಾಟಲಿ, ಕಲ್ಲು, ಪ್ಲಾಸ್ಟಿಕ್ ಡಬ್ಬಿಯ ಮೇಲೆ ಹೊದಿಸುವವರಿದ್ದಾರೆ. ಮಣ್ಣು ಒಣಗುವಾಗ ನೂರಕ್ಕೆ ಐದರಿಂದ ಎಂಟು ಭಾಗದಷ್ಟು ಕುಗ್ಗುತ್ತದೆ, ಒಳಗಿನ ಗಾಜು ಕುಗ್ಗುವುದಿಲ್ಲ. ಬಿಗಿಯಾದ ಅಂಗಿ ಹರಿದ ಹಾಗೆ ಮಣ್ಣು ಹರಿಯುತ್ತದೆ. ಕಾಗದ ಒತ್ತಿದರೆ ಒಳಗೆ ಸರಿಯುತ್ತದೆ, ಜಗಳವಿಲ್ಲ. ತಳದಲ್ಲಿ ಹೆಬ್ಬೆರಳು ಹೋಗುವಷ್ಟು ತೂತು ಬಿಡಿ.

ಎಲೆ ಮಾಡುವುದನ್ನು ಸ್ವಲ್ಪ ನಿಧಾನವಾಗಿ ಹೇಳುತ್ತೇನೆ, ಯಾಕೆಂದರೆ ಎಡವಿದ್ದು ಇಲ್ಲೇ.

ಮಣ್ಣನ್ನು ಆರೇಳು ಮಿಲಿಮೀಟರ್ ದಪ್ಪಕ್ಕೆ ಬಟ್ಟೆಯ ಮೇಲೆ ಲಟ್ಟಿಸಿ. ಹಸಿ ಎಲೆಯೊಂದನ್ನು ಮಗುಚಿ, ಹಿಂಭಾಗ ಮಣ್ಣಿಗೆ ತಾಗುವ ಹಾಗೆ ಇಡಿ. ನರಗಳು ಉಬ್ಬಿರುವುದು ಹಿಂಭಾಗದಲ್ಲಿ. ಮುಂಭಾಗ ಇಟ್ಟರೆ ಏನೂ ಮೂಡುವುದಿಲ್ಲ. ಲಟ್ಟಣಿಗೆಯನ್ನು ತೊಟ್ಟಿನಿಂದ ತುದಿಗೆ ಒಂದೇ ಸಲ ಉರುಳಿಸಿ. ಎರಡನೇ ಸಲ ಉರುಳಿಸಿದರೆ ನರದ ಗೆರೆಗಳು ಎರಡೆರಡಾಗುತ್ತವೆ. (ಹಾಲು ಸುರಿಸುವ ಗಿಡದ ಎಲೆ ಬೇಡ. ಎಷ್ಟೋ ಗಿಡಗಳ ಹಾಲು ಚರ್ಮಕ್ಕೆ, ಕಣ್ಣಿಗೆ ಉರಿ ತರುತ್ತದೆ, ಆ ಕೈಯಲ್ಲೇ ನೀವು ಮುಖ ಮುಟ್ಟಿಕೊಳ್ಳುತ್ತೀರಿ.) ಎಲೆಯನ್ನು ತೊಟ್ಟು ಹಿಡಿದು ಎತ್ತಿ. ಅಂಚಿನ ಸುತ್ತ ಕತ್ತರಿಸಿ, ಆದರೆ ತೊಟ್ಟಿನ ಕಡೆ ಕಿರುಬೆರಳಿನಷ್ಟು ದಪ್ಪದ ಬಾಲ ಬಿಡಿ. ಈಗ ಹೆಬ್ಬೆರಳು, ತೋರುಬೆರಳಿನ ನಡುವೆ ಅಂಚನ್ನು ಮಾತ್ರ ಹಿಸುಕಿ ತೆಳು ಮಾಡುತ್ತ ಹೋಗಿ. ಎಲೆ ತೆಳ್ಳಗಿದೆ ಅಂತ ಕಣ್ಣಿಗೆ ಹೇಳುವುದು ಅಂಚು. ನಡು ದಪ್ಪವಿದ್ದರೆ ಯಾರಿಗೂ ಗೊತ್ತಾಗುವುದಿಲ್ಲ. ಪೂರ್ತಿ ಎಲೆಯನ್ನೇ ತೆಳು ಮಾಡಿದರೆ ಅದು ಬದುಕುವುದಿಲ್ಲ. ನಿಮ್ಮವು ಪೂರ್ತಿ ತೆಳುವಾಗಿದ್ದವು, ಹೌದಲ್ವಾ?

ಕಾಗದದ ಸುರುಳಿಯ ಮೇಲೆ ಒರಗಿಸಿ, ಬೇಕಾದ ಬಾಗು ಕೊಟ್ಟು, ಒಂದಷ್ಟು ಹೊತ್ತು ಬಿಡಿ. ಎತ್ತಿದರೆ ಜೋಲಬಾರದು, ಒತ್ತಿದರೆ ಬಾಗಬೇಕು. ಆ ಹದ ಬಂದಾಗ ತಲೆಯ ಮೇಲೆ ಗಿಣ್ಣು ಮಾಡಿ: ಎಲೆ ಹೊರಡಬೇಕಾದ ಕಡೆ ಒಂದು ಚೂರು ಮಣ್ಣು ಸೇರಿಸಿ ಉಬ್ಬಿಸಿ, ಉಬ್ಬಿನ ನಡುವೆ ಬಾಲ ಹೋಗುವಷ್ಟು ಗುಂಡಿ ತೋಡಿ. ಗುಂಡಿಯ ಒಳಗೂ ಬಾಲದ ಸುತ್ತಲೂ ಹಳೆಯ ಟೂತ್ ಬ್ರಷ್ಷಿನಿಂದ ಒರಟಾಗಿ ಗೀರಿ. ಅದೇ ಮಣ್ಣನ್ನು ನೀರಿನಲ್ಲಿ ಕದಡಿ ಕೆನೆಯ ಹದಕ್ಕೆ ತಂದದ್ದನ್ನು, ನಿಮ್ಮ ತರಗತಿಯಲ್ಲಿ ಸ್ಲಿಪ್ ಅಂದಿರುತ್ತಾರೆ, ಎರಡೂ ಕಡೆ ಸವರಿ. ಬಾಲವನ್ನು ಗುಂಡಿಗೆ ಇಳಿಸಿ, ಸ್ವಲ್ಪ ತಿರುಗಿಸುತ್ತ ಒತ್ತಿ. ಸುತ್ತಲೂ ಸ್ಲಿಪ್ ಉಕ್ಕಿ ಬರಬೇಕು. ಬರದಿದ್ದರೆ ಒಳಗೆ ಖಾಲಿ ಇದೆ ಅಂತ ಅರ್ಥ, ಎತ್ತಿ ಮತ್ತೆ ಮಾಡಿ. ಆಮೇಲೆ ದಾರದಷ್ಟು ಸಣ್ಣ ಮಣ್ಣಿನ ಎಳೆ ಹೊಸೆದು ಸಂದಿನ ಸುತ್ತ ಇಟ್ಟು, ಕಡ್ಡಿಯಿಂದ ಎರಡೂ ಕಡೆಗೆ ಎಳೆದು ಮೆತ್ತಿ. ಕಂಕುಳಿನಲ್ಲಿ ಒಂದು ಮೊಗ್ಗು ಇಡಿ. ಸಾಸಿವೆ ಕಾಳಿನಷ್ಟಾದರೂ ಪರವಾಗಿಲ್ಲ. ಆ ಮೊಗ್ಗು ಅಲಂಕಾರಕ್ಕೆ ಅಂತ ಕಾಣುತ್ತದೆ, ನಿಜಕ್ಕೂ ಸಂದಿನ ಅತಿ ದುರ್ಬಲ ಮೂಲೆಗೆ ಹಾಕಿದ ಬೀಗ ಅದು.

ಇಷ್ಟಾದರೂ ಒಂದು ಅಪಾಯ ಉಳಿದಿದೆ. ತೆಳು ಎಲೆ ಬೇಗ ಒಣಗುತ್ತದೆ, ಬೇಗ ಕುಗ್ಗುತ್ತದೆ. ದಪ್ಪ ತಲೆ ಆಗಿನ್ನೂ ಒದ್ದೆಯಾಗಿಯೇ ಇರುತ್ತದೆ. ಹತ್ತು ಸೆಂಟಿಮೀಟರ್ ಉದ್ದದ ಎಲೆ ಅರ್ಧ ಸೆಂಟಿಮೀಟರಿಗಿಂತ ಜಾಸ್ತಿ ಕುಗ್ಗಬಹುದು. ತಲೆಯೂ ಕೊನೆಗೆ ಅಷ್ಟೇ ಕುಗ್ಗುತ್ತದೆ, ಆದರೆ ನಾಲ್ಕು ದಿನ ತಡವಾಗಿ. ಎಳೆದಾಟ ಎಲ್ಲವೂ ಸಂದಿನಲ್ಲಿ. ಹಾಗಾಗಿ ಎಲೆ ಕೂಡಿಸಿದ ರಾತ್ರಿ ಇಡೀ ತಲೆಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಸಡಿಲವಾಗಿ ಕಟ್ಟಿಡಿ, ಎಲೆಗಳ ತುದಿಗೆ ಒದ್ದೆ ಬಟ್ಟೆಯ ಚೂರು ಹೊದಿಸಿ. ಒಳಗಿನ ತೇವ ಎಲ್ಲ ಕಡೆ ಒಂದೇ ಸಮಕ್ಕೆ ಬರಲಿ. ಮರುದಿನದಿಂದ ಚೀಲದ ಬಾಯಿ ಸ್ವಲ್ಪ ಸ್ವಲ್ಪವೇ ತೆರೆಯುತ್ತ ಹೋಗಿ. ಎಲೆಗಳಿಗೆ ಬಟ್ಟೆ ಕೊನೆಯವರೆಗೂ ಇರಲಿ. ಫ್ಯಾನ್, ಬಿಸಿಲು, ಹೇರ್ ಡ್ರೈಯರ್ ಯಾವುದೂ ಬೇಡ. ನೀವು ಮೂರೇ ದಿನದಲ್ಲಿ ಒಣಗಿಸಿದ್ದೀರಿ. ಈ ಅಳತೆಗೆ ಹತ್ತು ದಿನವಾದರೂ ಬೇಕು.

ಎಲೆಗಳು ಎಷ್ಟು? ಹದಿನೈದು ಬೇಡ. ಐದು ಸಾಕು, ಆದರೆ ಗಿಡ ಇಡುವ ಕ್ರಮದಲ್ಲಿ ಇಡಿ. ಪುದೀನದಲ್ಲಿ ಎರಡೆರಡು ಎಲೆ ಎದುರುಬದುರಾಗಿ ಬರುತ್ತವೆ, ಮುಂದಿನ ಜೋಡಿ ಅಡ್ಡಕ್ಕೆ ತಿರುಗಿರುತ್ತದೆ. ದಾಸವಾಳದಲ್ಲಿ ಒಂದು ಗಿಣ್ಣಿಗೆ ಒಂದೇ ಎಲೆ. ಸುರುಳಿಯಾಗಿ ಎಲೆ ಬಿಡುವ ತುಂಬ ಗಿಡಗಳಲ್ಲಿ ಪ್ರತಿ ಹೊಸ ಎಲೆ ಹಿಂದಿನದಕ್ಕಿಂತ ಸುಮಾರು 137.5 ಡಿಗ್ರಿ ತಿರುಗಿ ಬರುತ್ತದೆ. ಮಣ್ಣಿನಲ್ಲಿ ಡಿಗ್ರಿ ಅಳೆಯುತ್ತ ಕೂರಬೇಕಿಲ್ಲ, ಮೂರನೇ ಒಂದು ಸುತ್ತಿಗಿಂತ ತುಸು ಜಾಸ್ತಿ ಅಂತ ಇಟ್ಟುಕೊಂಡರೆ ಸಾಕು. ಸೂರ್ಯಕಾಂತಿಯ ಬೀಜಗಳ ಸುರುಳಿ ಎಣಿಸಿದರೆ ಸಾಮಾನ್ಯವಾಗಿ ಒಂದು ದಿಕ್ಕಿಗೆ 34, ಇನ್ನೊಂದು ದಿಕ್ಕಿಗೆ 55 ಸಿಗುತ್ತವೆ. ಅದೂ ಇದೇ ತಿರುವಿನ ಫಲ. ಗುಂಗುರು ಕೂದಲಿನವರಿಗೆ ಸೂರ್ಯಕಾಂತಿ ಒಳ್ಳೆಯ ಆಟ, ಆದರೆ ತಾಳ್ಮೆ ಬೇಕು.

ಹೋಲಿಕೆಯ ವಿಷಯ. ನೀವು ಮೊಬೈಲಿನ ಸೆಲ್ಫಿ ನೋಡಿಕೊಂಡು ಮಾಡಿದ್ದೀರಿ ಅಂತ ನನ್ನ ಊಹೆ. ಮೂಗು ದೊಡ್ಡದಾಗಿ, ಕಿವಿ ಸಣ್ಣದಾಗಿ ಬಂದಿದೆ. ತೋಳಿನಳತೆಯಲ್ಲಿ ಹಿಡಿದ ಕ್ಯಾಮೆರಾ ಹತ್ತಿರದ್ದನ್ನು ಹಿಗ್ಗಿಸಿ ದೂರದ್ದನ್ನು ಕುಗ್ಗಿಸುತ್ತದೆ. ಬೇರೆಯವರ ಕೈಗೆ ಮೊಬೈಲ್ ಕೊಟ್ಟು, ಎರಡು ಮೀಟರ್ ದೂರದಿಂದ ಜೂಮ್ ಮಾಡಿ ತೆಗೆಸಿ. ಎದುರು, ಎರಡು ಪಕ್ಕ, ಹಿಂದೆ, ಮೇಲಿನಿಂದ. ಹಿಂದಿನದ್ದನ್ನು ಯಾರೂ ತೆಗೆಸುವುದಿಲ್ಲ, ಆದರೆ ತಲೆಬುರುಡೆ ಹಿಂದೆ ಎಷ್ಟು ಚಾಚಿದೆ ಅಂತ ಗೊತ್ತಾಗದಿದ್ದರೆ ಮುಖ ಮುಖವಾಡವಾಗುತ್ತದೆ.

ಇನ್ನೊಂದು: ಕಣ್ಣುಗಳು ಮೇಲೆ ಹೋಗಿವೆ. ಮೊದಲ ಸಲ ಮಾಡುವವರೆಲ್ಲ ಹಾಗೇ ಮಾಡುತ್ತಾರೆ. ನೆತ್ತಿಯಿಂದ ಗಲ್ಲದವರೆಗೆ ಅಳೆದರೆ ಕಣ್ಣು ಹೆಚ್ಚುಕಮ್ಮಿ ಸರಿ ಅರ್ಧದಲ್ಲಿ ಬರುತ್ತದೆ. ನಂಬಿಕೆ ಬರದಿದ್ದರೆ ಒಂದು ದಾರ ಹಿಡಿದು ಈಗಲೇ ಅಳೆದು ನೋಡಿ. ಎರಡು ಕಣ್ಣಿನ ನಡುವೆ ಇನ್ನೊಂದು ಕಣ್ಣಿನಷ್ಟು ಜಾಗ. ಕಿವಿ ಹುಬ್ಬಿನ ಮಟ್ಟದಿಂದ ಮೂಗಿನ ಬುಡದವರೆಗೆ. ಇದು ಎಲ್ಲರ ಲೆಕ್ಕ. ನೀವು ಆ ಲೆಕ್ಕದಿಂದ ಎಲ್ಲಿ ತಪ್ಪಿಸಿಕೊಂಡಿದ್ದೀರೋ ಅಲ್ಲಿದೆ ನಿಮ್ಮ ಹೋಲಿಕೆ. ಅದನ್ನು ಹಿಡಿಯಲು ನಾನು ಬಳಸುವ ಉಪಾಯ ಒಂದಿದೆ. ಕಣ್ಣು ಮುಚ್ಚಿ, ಎಡಗೈಯಿಂದ ನಿಮ್ಮ ಮುಖ ಸವರಿ, ಬಲಗೈ ಮಣ್ಣಿನ ಮೇಲಿರಲಿ. ಕೆನ್ನೆಯ ಮೂಳೆಯಿಂದ ದವಡೆಗೆ ಇಳಿಯುವಾಗ ಎಡಗೈ ಎಲ್ಲಿ ಒಳಗೆ ಜಾರುತ್ತದೋ ಅಲ್ಲಿ ಬಲಗೈ ಒತ್ತಲಿ. ಹತ್ತು ನಿಮಿಷ. ಕಣ್ಣು ತೆರೆದಾಗ ಒರಟಾದ ಒಂದು ಮುದ್ದೆ ಇರುತ್ತದೆ, ಆದರೆ ಅದರ ದವಡೆ ನಿಮ್ಮದೇ ಆಗಿರುತ್ತದೆ.

ಹಾಗಂತ ಮೂಗು ಕಣ್ಣು ಯಥಾವತ್ತಾಗಿ ಬರಲೇಬೇಕು ಅಂತಿಲ್ಲ. ಇಟಲಿಯ ಚಿತ್ರಕಾರ ಅರ್ಚಿಂಬೋಲ್ಡೊ 1590ರ ಸುಮಾರಿಗೆ ಚಕ್ರವರ್ತಿ ಎರಡನೇ ರುಡಾಲ್ಫನ ಚಿತ್ರ ಬರೆದಾಗ ಇಡೀ ಮುಖವನ್ನು ಹಣ್ಣು, ತರಕಾರಿ, ಹೂಗಳಿಂದಲೇ ಕಟ್ಟಿದ. ಮೂಗು ಒಂದು ಪೇರ್ ಹಣ್ಣು. ಅಲ್ಲಿ ಮುಖಕ್ಕೆ ಹಣ್ಣು ಅಂಟಿಸಿಲ್ಲ, ಹಣ್ಣು ತೆಗೆದರೆ ಮುಖವೇ ಇಲ್ಲ. ಫ್ರೀಡಾ ಕಾಲೋ 1943ರಲ್ಲಿ ಬರೆದ ಒಂದು ಸ್ವಂತ ಚಿತ್ರದಲ್ಲಿ ಒಣನೆಲದ ಮೇಲೆ ಒರಗಿದ ಆಕೆಯ ಎದೆಯಿಂದಲೇ ಬಳ್ಳಿ ಹೊರಟು ಎಲೆಗಳು ಹರಡಿವೆ. ಮುಖ ಮಾತ್ರ ಎಂದಿನ ಹಾಗೆ ನಮ್ಮನ್ನು ನೋಡುತ್ತಿದೆ. ಎರಡೂ ದಾರಿ ನಿಮಗೆ ತೆರೆದಿವೆ. ನನಗೆ ಎರಡನೆಯದು ಹತ್ತಿರ.

ಪರದೆಯ ತೊಂದರೆಗೆ ಒಂದಷ್ಟು ಪರಿಹಾರ ಇದೆ. ಕಲಿಸುವವರಿಗೆ ನಿಮ್ಮ ಮಣ್ಣು ಚಪ್ಪಟೆಯಾಗಿ ಕಾಣುತ್ತದೆ, ಯಾಕೆಂದರೆ ನಿಮ್ಮ ದೀಪ ಎದುರಿಗಿದೆ. ದೀಪವನ್ನು ಒಂದು ಪಕ್ಕಕ್ಕೆ ತನ್ನಿ, ತಗ್ಗು ಉಬ್ಬು ಎಲ್ಲ ಎದ್ದು ಕಾಣುತ್ತವೆ. ಹಿಂದೆ ಕಪ್ಪು ಕಾಗದ ಇಡಿ. ತಲೆಯನ್ನು ತಿರುಗುವ ಹಲಗೆಯ ಮೇಲೆ ಇಟ್ಟು, ಪ್ರತಿ ಸಲ ಎಂಟನೇ ಒಂದು ಸುತ್ತು ತಿರುಗಿಸುತ್ತ ಎಂಟು ಫೋಟೋ ತೆಗೆದು ತರಗತಿಗೆ ಮುಂಚೆಯೇ ಕಳಿಸಿ, ಸಂದಿನದ್ದು ಒಂದು ಹತ್ತಿರದ ಫೋಟೋ ಜೊತೆಗೆ. ತರಗತಿಯಲ್ಲಿ ‘ಹೇಗಿದೆ?’ ಅಂತ ಕೇಳಿದರೆ ‘ಚೆನ್ನಾಗಿದೆ’ ಅನ್ನುವ ಉತ್ತರ ಬರುತ್ತದೆ. ‘ಈ ಎಲೆಯ ಬುಡ ಬೆಳೆದ ಹಾಗಿದೆಯಾ, ಇಟ್ಟ ಹಾಗಿದೆಯಾ?’ ಅಂತ ಕೇಳಿ. ಎಡ ಬಲದ ಗೊಂದಲವೂ ಇದೆ. ನಿಮ್ಮ ಪರದೆಯಲ್ಲಿ ನೀವು ಕನ್ನಡಿಯಲ್ಲಿದ್ದ ಹಾಗೆ ಕಾಣುತ್ತೀರಿ, ಅವರಿಗೆ ಸಾಮಾನ್ಯವಾಗಿ ತಿರುವುಮುರುವಾಗಿ ಕಾಣುತ್ತೀರಿ. ‘ಎಡಗೆನ್ನೆ ತುಂಬಿ’ ಅಂದರೆ ಯಾವ ಎಡ? ನನ್ನ ತರಗತಿಯಲ್ಲಿ ಒಬ್ಬರು ಎರಡು ವಾರ ತಪ್ಪು ಕೆನ್ನೆಯನ್ನೇ ತುಂಬಿದರು, ನಾನೂ ಗಮನಿಸಲಿಲ್ಲ. ಆಮೇಲಿಂದ ‘ಮಚ್ಚೆ ಇರುವ ಕಡೆ’, ‘ಬೈತಲೆ ಇರುವ ಕಡೆ’ ಅಂತಲೇ ಮಾತಾಡುತ್ತೇವೆ.

ಸುಡುವ ಗೂಡು ಇಲ್ಲದಿರುವುದು ದೊಡ್ಡ ವಿಷಯವಲ್ಲ. ಅಡುಗೆಯ ಓವನ್ನಿನಲ್ಲಿ ಸುಡಲು ಮಾತ್ರ ಹೋಗಬೇಡಿ. ಅದರ ಬಿಸಿ 250 ಡಿಗ್ರಿಯ ಆಸುಪಾಸಿಗೆ ಮುಗಿಯುತ್ತದೆ, ಜೇಡಿಮಣ್ಣು ಮತ್ತೆ ನೀರಿನಲ್ಲಿ ಕರಗದ ಹಾಗೆ ಬದಲಾಗಲು 600 ಡಿಗ್ರಿಯ ಹತ್ತಿರ ಬೇಕು, ಟೆರಾಕೋಟಾ ಸುಡುವುದು 900ರಿಂದ 1,050 ಡಿಗ್ರಿಯಲ್ಲಿ. ಸುಡದ ಮಣ್ಣಿನ ತಲೆಯೂ ನೀರು, ಪೆಟ್ಟು ತಾಗದ ಕಡೆ ಇಟ್ಟರೆ ಎಷ್ಟೋ ವರ್ಷ ಇರುತ್ತದೆ. ಗಾಳಿಯಲ್ಲೇ ಗಟ್ಟಿಯಾಗುವ ಮಣ್ಣು ಬಳಸಿದರೆ ಇನ್ನೂ ಸ್ವಲ್ಪ ಗಟ್ಟಿ, ಆದರೆ ಅದೂ ನೀರಿಗೆ ತಾಳುವುದಿಲ್ಲ, ಅದೂ ಕುಗ್ಗುತ್ತದೆ. ಮೇಲೆ ಹೇಳಿದ ಸಂದಿನ ಶಾಸ್ತ್ರ ಅದಕ್ಕೂ ಅನ್ವಯಿಸುತ್ತದೆ.

ಮುಂದೆ ಯಾರದ್ದಾದರೂ ಗೂಡಿನಲ್ಲಿ ಸುಡಿಸುವುದಾದರೆ ಒಂದು ಮಾತು. ನನ್ನ ಮೊದಲ ಸ್ವಂತ ಮುಖ ಗೂಡಿನಲ್ಲಿ ಸಿಡಿಯಿತು. ಕತ್ತನ್ನು ಟೊಳ್ಳು ಮಾಡಿರಲಿಲ್ಲ, ಮುಷ್ಟಿಯಷ್ಟು ಗಟ್ಟಿ ಮಣ್ಣು. ಹೊರಗೆ ಬೆಳ್ಳಗೆ ಒಣಗಿ ಕಾಣುತ್ತಿತ್ತು. ಗೂಡು ನೋಡಿಕೊಳ್ಳುತ್ತಿದ್ದವರು ‘ಗಾಳಿ ಗುಳ್ಳೆ ಇತ್ತು’ ಅಂದರು, ನಾನೂ ಎಷ್ಟೋ ವರ್ಷ ಹಾಗೇ ನಂಬಿದ್ದೆ. ಗುಳ್ಳೆಯಲ್ಲಿ ಬರೀ ಗಾಳಿ ಇದ್ದರೆ ಏನೂ ಆಗುವುದಿಲ್ಲ. ಸಿಡಿಸುವುದು ಒಳಗೆ ಉಳಿದ ನೀರು. ನೀರು ಆವಿಯಾದಾಗ ಸುಮಾರು 1,700 ಪಟ್ಟು ಜಾಗ ಕೇಳುತ್ತದೆ, ದಪ್ಪ ಮಣ್ಣಿನೊಳಗಿಂದ ಅಷ್ಟು ಬೇಗ ಹೊರಬರಲು ದಾರಿ ಇರುವುದಿಲ್ಲ. ನನ್ನ ಗಲ್ಲದ ಚೂರುಗಳು ಪಕ್ಕದವರ ಎರಡು ಬಟ್ಟಲುಗಳಲ್ಲಿ ಸಿಕ್ಕವು, ಅವರ ಮುಖ ನೋಡಲು ನಾಚಿಕೆಯಾಗಿತ್ತು. ಅಂದಿನಿಂದ ಪರೀಕ್ಷೆ ಒಂದೇ: ಮಣ್ಣನ್ನು ನನ್ನ ಕೆನ್ನೆಗೆ ತಾಗಿಸುತ್ತೇನೆ. ತಣ್ಣಗಿದ್ದರೆ ಒಳಗೆ ಇನ್ನೂ ನೀರಿದೆ. ಕೋಣೆಯಷ್ಟೇ ಬೆಚ್ಚಗಿದ್ದರೆ ಸುಡಲು ಕಳಿಸುತ್ತೇನೆ.

ಬಣ್ಣ ಬೇಕಿದ್ದರೆ ಪೂರ್ತಿ ಒಣಗಿದ ಮೇಲೆ ಕಂದು ಆಕ್ರಿಲಿಕ್ ಬಣ್ಣವನ್ನು ತೆಳುವಾಗಿ ಬಳಿದು, ಹಸಿ ಇರುವಾಗಲೇ ಬಟ್ಟೆಯಲ್ಲಿ ಒರೆಸಿ. ಎಲೆಯ ನರಗಳಲ್ಲಿ, ಕಣ್ಣಿನ ಮಡಿಕೆಯಲ್ಲಿ ಮಾತ್ರ ಬಣ್ಣ ಉಳಿಯುತ್ತದೆ, ಮುಖಕ್ಕೂ ಎಲೆಗೂ ಒಂದೇ ಚರ್ಮ ಬಂದ ಹಾಗಿರುತ್ತದೆ. ಎಲೆಗೆ ಹಸಿರು, ಮುಖಕ್ಕೆ ಮೈಬಣ್ಣ ಹಚ್ಚಿದಿರೋ, ಅಷ್ಟು ಕಷ್ಟಪಟ್ಟು ಕೂಡಿಸಿದ್ದು ಮತ್ತೆ ಬೇರೆಯಾಯಿತು. ಒಣಗಿದ ಮಣ್ಣನ್ನು ಮರಳು ಕಾಗದದಲ್ಲಿ ಉಜ್ಜಬೇಡಿ. ಆ ಧೂಳಿನಲ್ಲಿ ಸಿಲಿಕಾ ಇರುತ್ತದೆ, ಶ್ವಾಸಕೋಶಕ್ಕೆ ಒಳ್ಳೆಯದಲ್ಲ. ಒದ್ದೆ ಸ್ಪಂಜಿನಲ್ಲಿ ಸವರಿ, ಮೇಜನ್ನೂ ಒದ್ದೆ ಬಟ್ಟೆಯಲ್ಲೇ ಒರೆಸಿ.

ಉಳಿದ ಮೂರು ವಾರ ಹೀಗೆ ಹಂಚಿಕೊಳ್ಳಿ: ಈ ವಾರ ಗಿಣ್ಣಿನ ಚಿತ್ರಗಳು, ತಲೆ, ಕತ್ತು, ಎಲೆ ಎಲ್ಲವೂ. ಮುಂದಿನ ವಾರ ಪೂರ್ತಿ ಒಣಗಲು. ಕೊನೆಯ ವಾರದ ಶುರುವಿನಲ್ಲಿ ಉಳಿದ ತೇವವೂ ಹೋಗಲಿ, ಆಮೇಲೆ ಬಣ್ಣ, ಫೋಟೋ. ಒಣಗುವ ವಾರ ಕೈ ಸುಮ್ಮನಿರುವುದಿಲ್ಲ ಅಂತ ಗೊತ್ತು, ಹೋಗಿ ಒತ್ತಿ ಒತ್ತಿ ನೋಡುತ್ತೀರಿ. ಅದಕ್ಕೆ ಬೇರೆ ಕೆಲಸ ಕೊಡುತ್ತೇನೆ: ಆ ಹಳೆಯ ತಲೆ.

ಅದು ಸುಡದ ಮಣ್ಣು, ಹಾಗಾಗಿ ಹಾಳಾಗಿಲ್ಲ. ಇನ್ನೂ ತೇವ ಇದ್ದರೆ ಪೂರ್ತಿ ಒಣಗಲು ಬಿಡಿ. ಅರೆ ಒಣಗಿದ ಮಣ್ಣು ನೀರಿನಲ್ಲಿ ಬೇಗ ಕರಗುವುದಿಲ್ಲ, ಎಲುಬಿನ ಹಾಗೆ ಒಣಗಿದ್ದು ನೋಡುನೋಡುತ್ತಲೇ ಕುಸಿಯುತ್ತದೆ. ಒಡೆಯುವ ಮೊದಲು ಕತ್ತಿನ ಬಿರುಕನ್ನು ಒಮ್ಮೆ ಬಿಡಿಸಿ ನೋಡಿ, ಗೋಡೆ ಎಲ್ಲಿ ದಪ್ಪ, ಎಲ್ಲಿ ತೆಳು ಅಂತ ಅಳೆದು ಬರೆದಿಟ್ಟುಕೊಳ್ಳಿ. ಆಮೇಲೆ ಧೂಳೇಳದ ಹಾಗೆ ಬಟ್ಟೆಯಲ್ಲಿ ಸುತ್ತಿ ಸುತ್ತಿಗೆಯಿಂದ ಮೆಲ್ಲಗೆ ಒಡೆದು, ಒಳಗಿನ ಕಾಗದ, ಟೇಪ್ ಇದ್ದರೆ ತೆಗೆದು, ಬಕೆಟ್ಟಿಗೆ ಹಾಕಿ ಮುಳುಗುವಷ್ಟು ನೀರು ಹೊಯ್ಯಿರಿ. ಎರಡು ದಿನ ಕದಡಬೇಡಿ. ಮೇಲಿನ ತಿಳಿನೀರು ಬಸಿದು, ಕೆಸರನ್ನು ಹಳೆಯ ಹತ್ತಿ ಬಟ್ಟೆಯ ಮೇಲೆ ಹರಡಿ. ಬೆರಳಿಗೆ ಅಂಟದ ಹದಕ್ಕೆ ಬಂದಾಗ ಚೆನ್ನಾಗಿ ನಾದಿ ಚೀಲದಲ್ಲಿ ಕಟ್ಟಿಡಿ. ಅದರಲ್ಲಿ ಒಂದು ಹಿಡಿ ಮಾತ್ರ ಕೆಸರಾಗಿಯೇ ಡಬ್ಬಿಯಲ್ಲಿ ಉಳಿಸಿಕೊಳ್ಳಿ. ಮುಂದೆ ಮಾಡುವ ತಲೆಗೂ ಅದೇ ಮಣ್ಣು ಬಳಸಿದರೆ ಸ್ಲಿಪ್ ಬೇರೆ ಮಾಡುವ ಕೆಲಸ ತಪ್ಪಿತು.